ದೇಶ ಆಮೇಲೆ ಆರಿಸಿ, ಮೊದಲು ತೋಟ ಬಿಡಬಹುದಾದ ವಾರ ಹುಡುಕಿ

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದವರು. ಹದಿನಾಲ್ಕು ಎಕರೆ ಕಾಫಿ ತೋಟ, ಅರೇಬಿಕಾ ರೋಬಸ್ಟಾ ಎರಡೂ ಇದೆ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ನನಗೆ 55, ಯಜಮಾನರಿಗೆ 61. ಒಂದು ಸಲ ಹೊರದೇಶ ನೋಡಿ ಬರಬೇಕೆಂಬ ಆಸೆ. ಬೆಂಗಳೂರಿನಲ್ಲಿರುವ ಮಗ ಹನ್ನೊಂದು ದಿನದಲ್ಲಿ ಏಳು ದೇಶ ತೋರಿಸುವ ಯುರೋಪ್ ಪ್ಯಾಕೇಜ್ ಕಳಿಸಿದ್ದಾನೆ. ಓದಿಯೇ ಸುಸ್ತಾಯಿತು. ಯಜಮಾನರಿಗೆ ಬೇರೆ ಕಡೆಯವರು ಕಾಫಿ ಹೇಗೆ ಬೆಳೆಯುತ್ತಾರೆಂದು ನೋಡುವ ಕುತೂಹಲ. ನನಗೆ ದೇವಸ್ಥಾನ, ಶಿಲ್ಪ ಅಂದರೆ ಪ್ರಾಣ. ಮಂಡಿ ನೋವಿದೆ, ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಯಾವ ತಿಂಗಳು, ಎಲ್ಲಿಗೆ, ಎಷ್ಟು ದಿನ ಹೋಗುವುದು ಒಳ್ಳೆಯದು?

ಉತ್ತರ: ಹಾಸನದಲ್ಲಿ ಕೂತು ಪ್ರವಾಸ ಯೋಜಿಸಿ ಕೊಡುವ ನನ್ನ ಬಳಿ ತೋಟದವರು ಬಂದಾಗಲೆಲ್ಲ ಮೊದಲು ಕೇಳುವುದು "ಯಾವ ದೇಶ ಚೆನ್ನಾಗಿದೆ" ಎಂದು. ನಾನು ಮೊದಲು ಕೇಳುವುದು "ಯಾವ ವಾರ ತೋಟ ಬಿಟ್ಟರೆ ನಿಮಗೆ ನಿದ್ದೆ ಬರುತ್ತದೆ" ಎಂದು. ದೇಹ ವಿಮಾನ ಹತ್ತಿದರೂ ಮನಸ್ಸು ಕಣದಲ್ಲೇ ಉಳಿದರೆ ಆ ಪ್ರವಾಸಕ್ಕೆ ಕೊಟ್ಟ ದುಡ್ಡು ದಂಡ. ಹಾಗಾಗಿ ನಿಮ್ಮ ತೋಟದ ವರ್ಷವನ್ನೇ ಮುಂದಿಟ್ಟುಕೊಂಡು ಶುರು ಮಾಡುತ್ತೇನೆ.

ನವೆಂಬರ್ ಕೊನೆಯಿಂದ ಅರೇಬಿಕಾ ಹಣ್ಣು, ಅದರ ಬೆನ್ನಿಗೇ ರೋಬಸ್ಟಾ, ಫೆಬ್ರವರಿಯವರೆಗೂ ಕುಯ್ಲು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಒಣಗಿಸುವ ಕಣ. ಆಗ ಹೊರಡುವ ಮಾತೇ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ನೀರು, ಹೂವಾದ ಮೇಲೆ ಬ್ಯಾಕಿಂಗ್ ಎಂಬ ಇನ್ನೊಂದು ಸುತ್ತು ನೀರು, ನಡುವೆ ಮೆಣಸು ಕುಯ್ಲು, ಹೂಮಳೆಗಾಗಿ ಆಕಾಶ ನೋಡುವುದು. ಏಪ್ರಿಲ್ ಕೊನೆಗೆ ಒಂದಿಷ್ಟು ಉಸಿರಾಡಬಹುದು ಅನ್ನಿಸುತ್ತದೆ. ಆದರೆ ಆಗಲೇ ನೆರಳುಮರಗಳ ರೆಂಬೆ ಕಡಿಯುವ ಮರಗಸಿ, ಗೊಬ್ಬರ, ಮುಂಗಾರಿಗೆ ಮೊದಲು ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಣೆ ಎಂದು ಕೆಲಸ ತಲೆ ಎತ್ತುತ್ತದೆ. ಶಾಲೆಗೆ ರಜೆಯಾದ್ದರಿಂದ ಟಿಕೆಟ್ಟೂ ದುಬಾರಿ.

ಜುಲೈ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಮಳೆಗಾಲದಲ್ಲಿ ತೋಟದಲ್ಲಿ ಏನು ಕೆಲಸ, ಆಗ ಹೋಗಿಬನ್ನಿ" ಎಂದು ಪೇಟೆಯ ನೆಂಟರು ಹೇಳುತ್ತಾರೆ. ಕೆಲಸ ಕಡಿಮೆ ಇರುವುದು ನಿಜ, ಚಿಂತೆ ಕಡಿಮೆ ಇಲ್ಲ. ಮರ ಉರುಳಿ ಕರೆಂಟ್ ಹೋಗುತ್ತದೆ, ಕೊಳೆರೋಗ ಬಂತೋ ಎಂಬ ದಿಗಿಲು, ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಣ್ಣು ಕುಸಿದರೆ ದಾರಿ ಬಂದ್. ದೂರದೇಶದಲ್ಲಿ ಕೂತು ಊರಿನ ಮಳೆಯ ವಿಡಿಯೋ ನೋಡುತ್ತಾ ಹೋಟೆಲ್ ರೂಮಿನಲ್ಲೇ ದಿನ ಕಳೆದವರನ್ನು ನಾನು ಬಲ್ಲೆ. ಜುಲೈ ಬೇಡ.

ಉಳಿಯುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ನಾಲ್ಕು ವಾರ. ಮಳೆ ಇಳಿದಿರುತ್ತದೆ, ಕಾಯಿ ಬಲಿಯುತ್ತಿರುತ್ತದೆ, ಕಳೆ ಹೊಡೆಸಿ, ಚಿಗುರು ತೆಗೆಸಿ, ಮಳೆ ನಂತರದ ಗೊಬ್ಬರ ಹಾಕಿಸಿಬಿಟ್ಟರೆ ಎರಡು ವಾರ ಮೇಸ್ತ್ರಿ ನೋಡಿಕೊಳ್ಳಬಲ್ಲ. ಗೌರಿ-ಗಣೇಶ ಮುಗಿದಿರಬೇಕು, ನವರಾತ್ರಿ ಹತ್ತಿರ ಬಂದಿರಬಾರದು. ಈ ಸಂದಿಯಲ್ಲೇ ಪಿತೃಪಕ್ಷ ಬರುತ್ತದೆ, ಅದನ್ನು ಮಾತ್ರ ಮರೆಯಬೇಡಿ. ನಿಮ್ಮ ಮನೆಯಲ್ಲಿ ಪಕ್ಷ ಮಾಡುವ ತಿಥಿ ಯಾವುದೆಂದು ಪಂಚಾಂಗ ನೋಡಿ ಗುರುತು ಹಾಕಿಕೊಂಡೇ ಟಿಕೆಟ್ ತೆಗೆಯಿರಿ. ಟಿಕೆಟ್ ಆದಮೇಲೆ ಇದು ನೆನಪಾಗಿ ಎರಡು ಮನೆಯವರ ಪ್ರಯಾಣ ನನ್ನ ಕಣ್ಣೆದುರೇ ರದ್ದಾಗಿದೆ. ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ನೀವು ಊರಿಗೆ ಬಂದು, ಕುಯ್ಲಿನ ತಯಾರಿಯಲ್ಲಿರುತ್ತೀರಿ.

ಈಗ ಎರಡನೆಯ ಮಾತು: ಆ ನಾಲ್ಕು ವಾರದಲ್ಲಿ ಪ್ರಪಂಚದ ಯಾವ ಮೂಲೆಯಲ್ಲಿ ಹವೆ ಚೆನ್ನಾಗಿರುತ್ತದೆ?

ನಿಮ್ಮ ಮಗ ಹೇಳಿದ ಯುರೋಪ್ ಸೆಪ್ಟೆಂಬರಿಗೆ ತಪ್ಪು ಆಯ್ಕೆಯಲ್ಲ. ಅಲ್ಲಿನ ಶಾಲೆಗಳು ಮತ್ತೆ ಶುರುವಾಗಿ ಜನ ಕಡಿಮೆಯಾಗಿರುತ್ತಾರೆ, ಬಿಸಿಲು ಹದವಾಗಿರುತ್ತದೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಬೆಟ್ಟಗಳಲ್ಲಿ ಬೇಸಿಗೆಯಿಡೀ ಮೇಲೆ ಮೇಯ್ದ ಹಸುಗಳಿಗೆ ಹೂ ಮುಡಿಸಿ, ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಊರಿಗೆ ಇಳಿಸಿಕೊಂಡು ಬರುವುದು ಇದೇ ಸಮಯದಲ್ಲಿ. ದನ ಸಾಕಿದ ಮನೆಯವರಿಗೆ ಅದು ಕಣ್ಣಿಗೆ ಹಬ್ಬ. ನನ್ನ ತಕರಾರು ಏಳು ದೇಶ ಎಂಬುದಕ್ಕೆ. ಹನ್ನೊಂದು ದಿನದಲ್ಲಿ ಬರುವ ಹೋಗುವ ವಿಮಾನದ ಎರಡು ದಿನ ಕಳೆಯಿರಿ, ಒಂಬತ್ತು ಉಳಿಯಿತು. ಅದರಲ್ಲಿ ಏಳು ದೇಶವೆಂದರೆ ಹೆಚ್ಚುಕಡಿಮೆ ದಿನಾ ಬೆಳಗ್ಗೆ ಪೆಟ್ಟಿಗೆ ಕಟ್ಟಿ ಬಸ್ಸಿಗೆ ಹಾಕಬೇಕು. ನೋಯುವ ಮಂಡಿಗೆ ನಡೆಯುವುದಕ್ಕಿಂತ ಗಂಟೆಗಟ್ಟಲೆ ಮಡಿಸಿಕೊಂಡು ಕೂರುವುದೇ ಹೆಚ್ಚು ಶಿಕ್ಷೆ.

ಇದನ್ನು ನಾನು ಸ್ವಂತ ಮನೆಯಲ್ಲೇ ಕಲಿತೆ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಅಪ್ಪ ಅಮ್ಮನನ್ನು ಒಂಬತ್ತು ದಿನ, ಐದು ಊರು ಎಂದು ಕರೆದುಕೊಂಡು ಹೋದೆ. ಎಲ್ಲ ತೋರಿಸಬೇಕೆಂಬ ಹುಮ್ಮಸ್ಸು. ಹಿಂತಿರುಗುವ ದಿನ ಅಮ್ಮ ಇನ್ನೂ ಹಸಿಯಾಗಿದ್ದ ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಾ, "ಒಂದು ಬಟ್ಟೆ ಒಣಗೋವಷ್ಟು ಹೊತ್ತೂ ಎಲ್ಲೂ ನಿಲ್ಲಲಿಲ್ಲ ಕಣೋ" ಅಂದರು. ಆವತ್ತಿನಿಂದ ಯಾರಿಗೇ ಯೋಜನೆ ಹಾಕಿದರೂ ಒಗೆದ ಬಟ್ಟೆ ಒಣಗಿ, ಮಡಿಸಿ, ಮತ್ತೆ ಉಡುವಷ್ಟು ಕಾಲ ಒಂದೂರಿನಲ್ಲಿ ಇರಿಸುತ್ತೇನೆ. ಮುಖ್ಯ ಊರುಗಳಲ್ಲಾದರೆ ಅದು ಮೂರರಿಂದ ನಾಲ್ಕು ರಾತ್ರಿ.

ನಿಮಗೆ ನನ್ನ ಸಲಹೆ ಇಂಡೋನೇಷ್ಯಾ. ಅದರಲ್ಲೂ ಬಾಲಿ ಮತ್ತು ಜಾವಾ. ಕಡಲತೀರದ ಫೋಟೋ ನೋಡಿ ಬಾಲಿ ಎಂದರೆ ಹೊಸದಾಗಿ ಮದುವೆಯಾದವರ ಜಾಗ ಎಂದುಕೊಳ್ಳುತ್ತೇವೆ. ತೋಟದವರಿಗೂ ದೇವಸ್ಥಾನ ಪ್ರಿಯರಿಗೂ ಅಲ್ಲಿ ಇರುವುದೇ ಬೇರೆ.

ಹವೆಯಿಂದ ಶುರು ಮಾಡೋಣ. ಅವು ಸಮಭಾಜಕ ವೃತ್ತದ ದಕ್ಷಿಣಕ್ಕಿವೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ಆಸ್ಟ್ರೇಲಿಯಾ ಕಡೆಯಿಂದ ಒಣಗಾಳಿ ಬೀಸಿ ಅಲ್ಲಿ ಮಳೆ ಕಡಿಮೆ. ದಕ್ಷಿಣ ಗೋಳಾರ್ಧದ ಇಂಥ ಆಗ್ನೇಯ ಮಾರುತಗಳೇ ಸಮಭಾಜಕ ದಾಟಿ, ದಿಕ್ಕು ಬದಲಿಸಿ, ಸಮುದ್ರದ ತೇವ ಹೊತ್ತು ನಮ್ಮ ಘಟ್ಟಕ್ಕೆ ಮುಂಗಾರಾಗಿ ಬಡಿಯುವುದು. ಅಂದರೆ ನಮಗೆ ಮಳೆಗಾಲವಾದಾಗ ಅವರಿಗೆ ಒಣಗಾಲ. ಜುಲೈ, ಆಗಸ್ಟಿನಲ್ಲಿ ಬಾಲಿಯಲ್ಲಿ ವಿದೇಶಿಯರ ನೂಕುನುಗ್ಗಲು. ಸೆಪ್ಟೆಂಬರ್ ನಡುವಿಗೆ ಜನ ಕರಗುತ್ತಾರೆ, ಹವೆ ಹಾಗೆಯೇ ಇರುತ್ತದೆ. ನಿಮ್ಮ ಬಿಡುವೂ ಅವರ ಒಳ್ಳೆಯ ಹವೆಯೂ ಇಷ್ಟು ಸರಿಯಾಗಿ ಕೂಡುವ ಜಾಗ ಹತ್ತಿರದಲ್ಲಿ ಇನ್ನೊಂದಿಲ್ಲ.

ಇನ್ನು ಯಜಮಾನರ ಕಾಫಿ. ಬಾಲಿಯ ಉತ್ತರಕ್ಕೆ ಕಿಂತಮಣಿ ಎಂಬ ಎತ್ತರದ ಸೀಮೆಯಿದೆ, ಬಾತುರ್ ಜ್ವಾಲಾಮುಖಿಯ ಮಗ್ಗುಲು. ಆ ಕಪ್ಪು ಬೂದಿ ಮಣ್ಣಿನಲ್ಲಿ ಅರೇಬಿಕಾ ಬೆಳೆಯುತ್ತಾರೆ. ನಾವು ಮೆಣಸು ಬೆಳೆದ ಹಾಗೆ ಅವರು ಕಾಫಿಯ ನಡುವೆ ಕಿತ್ತಳೆ ಬೆಳೆಯುತ್ತಾರೆ. ಮೆಣಸು ಬರುವ ಮೊದಲು ಮಲೆನಾಡಿನ ತೋಟಗಳಲ್ಲೂ ಕಿತ್ತಳೆ ಇದ್ದದ್ದನ್ನು ನಿಮ್ಮ ಮಾವನವರ ತಲೆಮಾರು ಕಂಡಿರುತ್ತದೆ. ಇಂಡೋನೇಷ್ಯಾದಲ್ಲಿ ಮೊಟ್ಟಮೊದಲು ಭೌಗೋಳಿಕ ಗುರುತು (ಜಿಐ) ಪಡೆದ ಬೆಳೆ ಕಿಂತಮಣಿಯ ಈ ಅರೇಬಿಕಾವೇ, 2008ರಲ್ಲಿ. ನಮ್ಮ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಆ ಗುರುತು ಸಿಕ್ಕಿದ್ದು 2019ರಲ್ಲಿ. ಅಲ್ಲಿನ ಬೆಳೆಗಾರರ ಗುಂಪುಗಳು ಒಟ್ಟಾಗಿ ಹಣ್ಣು ಸಂಸ್ಕರಿಸಿ ಮಾರುವ ರೀತಿಯನ್ನು ಸಣ್ಣ ಬೆಳೆಗಾರರು ಗಮನವಿಟ್ಟು ನೋಡಬೇಕು.

ಆದರೆ ನಿಮ್ಮ ಯಜಮಾನರು ಗಿಡದ ಮುಂದೆ ನಿಂತುಬಿಡುವುದು ಬೇರೊಂದು ಕಾರಣಕ್ಕೆ. ಕಿಂತಮಣಿಯಲ್ಲಿ ಬೆಳೆಯುವ ತಳಿಗಳಲ್ಲಿ ಒಂದು ಎಸ್ 795. ಹೌದು, ನಮ್ಮ ಬಾಳೆಹೊನ್ನೂರಿನದೇ. ಚಿಕ್ಕಮಗಳೂರು ಸೀಮೆಯ ಕೆಂಟ್ಸ್ ತಳಿಯ ಜೊತೆ ಎಸ್ 288 ಎಂಬ ಇನ್ನೊಂದು ತಳಿ ಸೇರಿಸಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಮಾಡಿದ್ದು. ಅದು ಅಲ್ಲಿಂದ ಕಡಲು ದಾಟಿ ಜಾವಾದ ಜೆಂಬೆರ್ ಎಂಬ ಊರಿನ ಸಂಶೋಧನಾ ಕೇಂದ್ರಕ್ಕೆ ಹೋಗಿ, ಇಂಡೋನೇಷ್ಯಾದ ಹಲವೆಡೆ "ಜೆಂಬೆರ್" ಎಂಬ ಹೆಸರಿನಲ್ಲೇ ಪ್ರಸಿದ್ಧವಾಯಿತು. ಅದಕ್ಕೂ ಮೊದಲು, ಹದಿನೇಳನೇ ಶತಮಾನದ ಕೊನೆಗೆ, ಡಚ್ಚರು ಜಾವಾಕ್ಕೆ ಒಯ್ದ ಮೊದಲ ಕಾಫಿ ಗಿಡಗಳೂ ಮಲಬಾರಿನವು. ಸೆಪ್ಟೆಂಬರಿನಲ್ಲಿ ಕಿಂತಮಣಿಯಲ್ಲಿ ಕುಯ್ಲಿನ ಕೊನೆಯ ಹಂತ. ನಿಮ್ಮ ಗಿಡದಲ್ಲಿ ಕಾಯಿ ಇನ್ನೂ ಹಸಿರಿರುವಾಗ ಅದೇ ತಳಿಯ ಕೆಂಪು ಹಣ್ಣನ್ನು ಅಲ್ಲಿ ಕೈಯಲ್ಲಿ ಹಿಡಿಯಬಹುದು.

ಒಂದು ಎಚ್ಚರಿಕೆ. ಬಾಲಿಯಲ್ಲಿ ಕಾಫಿ ತೋಟ ಎಂದರೆ ಬಹುಪಾಲು ಚಾಲಕರು ಲುವಾಕ್ ಕಾಫಿಯ ಅಂಗಡಿಗೆ ಒಯ್ದು ನಿಲ್ಲಿಸುತ್ತಾರೆ. ಪುನುಗು ಬೆಕ್ಕನ್ನು ಬೋನಿನಲ್ಲಿಟ್ಟು ಹಣ್ಣು ತಿನ್ನಿಸಿ, ಅದರ ಹಿಕ್ಕೆಯಿಂದ ಬೀಜ ಆಯ್ದು ಮಾಡುವ ವ್ಯಾಪಾರ. ನಮ್ಮ ತೋಟದಲ್ಲಿ ರಾತ್ರಿ ಸ್ವತಂತ್ರವಾಗಿ ಓಡಾಡುವ ಪ್ರಾಣಿಯನ್ನು ಹಾಗೆ ನೋಡಲಾಗದು. "ಲುವಾಕ್ ಬೇಡ, ಕಿಂತಮಣಿಯ ರೈತರ ತೋಟಕ್ಕೆ ಕರೆದೊಯ್ಯಿ" ಎಂದು ಕಾರು ಗೊತ್ತುಮಾಡುವಾಗಲೇ ಖಂಡಿತವಾಗಿ ಹೇಳಿ.

ಈಗ ನಿಮ್ಮ ಶಿಲ್ಪ. ಜಾವಾದ ಯೋಗ್ಯಕರ್ತ ಪಟ್ಟಣದಿಂದ ಹೆಚ್ಚು ದೂರವಿಲ್ಲದ ಪ್ರಂಬನನ್‌ಗೆ ಹೋಗಿ. ಒಂಬತ್ತನೇ ಶತಮಾನದ ಶಿವ ದೇವಾಲಯ, 47 ಮೀಟರ್ ಎತ್ತರ, ಅಕ್ಕಪಕ್ಕ ಬ್ರಹ್ಮ ಮತ್ತು ವಿಷ್ಣುವಿನ ಗುಡಿಗಳು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರದು. ಪ್ರಂಬನನ್ ಅದಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಳೆಯದು. ಸುತ್ತುಗಟ್ಟಿನ ಒಳಮೈಯಲ್ಲಿ ರಾಮಾಯಣ ಕೆತ್ತಿದ್ದಾರೆ. ಹಳೇಬೀಡಿನಲ್ಲಿ ಪಟ್ಟಿಕೆ ಓದಿಕೊಂಡು ಹೋಗುವಂತೆ ಶಿವನ ಗುಡಿಯ ಪೂರ್ವದ ಬಾಗಿಲಿಂದ ಶುರು ಮಾಡಿ ಪ್ರದಕ್ಷಿಣೆ ಬಂದರೆ ಕಥೆ ಸಾಗುತ್ತದೆ, ಉಳಿದದ್ದು ಬ್ರಹ್ಮನ ಗುಡಿಯಲ್ಲಿ. ನಮ್ಮದು ಬಳಪದ ಕಲ್ಲು, ಉಗುರಿನಷ್ಟು ಸಣ್ಣ ಆಭರಣವೂ ಮೂಡುತ್ತದೆ. ಅವರದು ಜ್ವಾಲಾಮುಖಿಯ ಗಡಸು ಕಲ್ಲು, ಒಡವೆ ಕಡಿಮೆ, ಮುಖದಲ್ಲಿ ಭಾವ ಹೆಚ್ಚು. ಹೊಯ್ಸಳರ ಕೆತ್ತನೆ ನೋಡಿ ಬೆಳೆದ ಕಣ್ಣಿಗೆ ಅಲ್ಲಿ ಕಾಣುವಷ್ಟು ಬೇರೆಯವರಿಗೆ ಕಾಣದು. ಉತ್ತರದ ಗರ್ಭಗುಡಿಯಲ್ಲಿ ಮಹಿಷಾಸುರಮರ್ದಿನಿ ಇದ್ದಾಳೆ. ಊರಿನವರು ಅವಳನ್ನು ಕಲ್ಲಾದ ರಾಜಕುಮಾರಿ ರೋರೋ ಜೊಂಗ್‌ಗ್ರಾಂಗ್ ಎಂದು ಕರೆದು ಕಥೆ ಹೇಳುತ್ತಾರೆ.

ಮಂಡಿಯ ಮಾತು ಇಲ್ಲೇ ಹೇಳುತ್ತೇನೆ. ರಾಮಾಯಣದ ಕೆತ್ತನೆ ನೋಡಲು ಕಡಿದಾದ ಮೆಟ್ಟಿಲು ಹತ್ತಲೇಬೇಕು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ, ಕಲ್ಲು ಕಾಯುವ ಮುನ್ನ ಶಿವನ ಗುಡಿಯೊಂದನ್ನೇ ಹತ್ತಿ ನಿಧಾನವಾಗಿ ನೋಡಿ. ಉಳಿದವನ್ನು ಸಂಜೆಗೋ ಮರುದಿನಕ್ಕೋ ಇಟ್ಟುಕೊಳ್ಳಿ. ಒಂದೂರಿನಲ್ಲಿ ನಾಲ್ಕು ರಾತ್ರಿ ಇದ್ದರೆ ಸಿಗುವ ಲಾಭ ಇದೇ. ಒಣಗಾಲದಲ್ಲಿ ಕೆಲವು ರಾತ್ರಿ ಆ ಗುಡಿಗಳನ್ನೇ ಹಿನ್ನೆಲೆಯಾಗಿಸಿಕೊಂಡು ಬಯಲಿನಲ್ಲಿ ರಾಮಾಯಣದ ನೃತ್ಯನಾಟಕ ಆಡುತ್ತಾರೆ. ಯಕ್ಷಗಾನ ನೋಡುವವರಾದರೆ ತಪ್ಪಿಸಿಕೊಳ್ಳಬೇಡಿ. ಬೊರೊಬುದುರ್ ಎಂಬ ಬೌದ್ಧ ಸ್ಮಾರಕವೂ ಯೋಗ್ಯಕರ್ತದಿಂದ ಸುಮಾರು 40 ಕಿಲೋಮೀಟರ್. ಅದರ ಮೇಲೆ ಹತ್ತಲು ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ, ಮುಂಗಡ ಟಿಕೆಟ್ ಬೇಕು, ಮೆಟ್ಟಿಲು ಎತ್ತರ. ಯಜಮಾನರು ಹತ್ತಲಿ. ನೀವು ಕೆಳಗಿನ ಹುಲ್ಲುಹಾಸಿನಿಂದ ನೋಡಿದರೂ ಅದರ ಗಾತ್ರ ಮನಸ್ಸು ತುಂಬುತ್ತದೆ.

ದಿನಗಳ ಲೆಕ್ಕ ಹೀಗಿರಲಿ. ಹೊರಡುವ ಮುನ್ನಾದಿನವೇ ಬೆಂಗಳೂರಿಗೆ ಇಳಿದು ಮಗನ ಮನೆಯಲ್ಲಿ ಮಲಗಿ. ಮೂಡಿಗೆರೆಯಿಂದ ನೇರ ವಿಮಾನ ನಿಲ್ದಾಣಕ್ಕೆ ರಾತ್ರಿಯಿಡೀ ಕಾರಿನಲ್ಲಿ ಹೋಗಿ ವಿಮಾನ ಹತ್ತಿದರೆ ಮೊದಲ ಎರಡು ದಿನ ಅಲ್ಲಿಗೇ ಹಾಳು. ಬಾಲಿ ತಲುಪಿ ಒಳನಾಡಿನ ಉಬುದ್ ಪಟ್ಟಣದಲ್ಲಿ ನಾಲ್ಕು ರಾತ್ರಿ. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ, ಸುತ್ತಲಿನ ಗದ್ದೆಯ ಬದುವಿನಲ್ಲಿ ಅಡ್ಡಾಡಿ. ಅಲ್ಲಿ ಗದ್ದೆಗೆ ನೀರು ಹಂಚುವ ಸುಬಾಕ್ ಎಂಬ ಪದ್ಧತಿಯನ್ನು ರೈತರೇ ದೇವಸ್ಥಾನದ ಮೂಲಕ ನಡೆಸುತ್ತಾರೆ, 2012ರಲ್ಲಿ ಅದು ಯುನೆಸ್ಕೋ ಪಟ್ಟಿ ಸೇರಿತು. ಆಮೇಲೆ ಕಿಂತಮಣಿಯಲ್ಲಿ ಎರಡು ರಾತ್ರಿ. ಅಲ್ಲಿ ಸಂಜೆ ಚಳಿಯಿರುತ್ತದೆ, ಸ್ವೆಟರ್ ಇರಲಿ. ಅಲ್ಲಿಂದ ಇಳಿದು ವಿಮಾನದಲ್ಲಿ ಯೋಗ್ಯಕರ್ತಕ್ಕೆ, ಸುಮಾರು ಒಂದೂವರೆ ಗಂಟೆಯ ಹಾರಾಟ, ನಾಲ್ಕು ರಾತ್ರಿ. ಕೊನೆಗೆ ಬಾಲಿಗೆ ಮರಳಿ ಸಾನೂರ್ ಕಡಲತೀರದಲ್ಲಿ ಒಂದು ರಾತ್ರಿ. ಒಟ್ಟು ಹನ್ನೊಂದು. ಇನ್ನೂ ಒಂದು ದ್ವೀಪ ಸೇರಿಸೋಣ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಊಟಕ್ಕೆ ಹೆದರಬೇಡಿ, ಆದರೆ ಎಚ್ಚರ ಬೇಕು. ತೆಂಪೆ ಎಂಬ ಹುದುಗಿಸಿದ ಸೋಯಾ, ಶೇಂಗಾ ಗೊಜ್ಜು ಹಾಕಿದ ಗಾದೋ-ಗಾದೋ, ಅನ್ನ, ಸೊಪ್ಪು ಎಲ್ಲೆಡೆ ಸಿಗುತ್ತದೆ. ತೊಂದರೆ ಇರುವುದು ತೆರಾಸಿಯಲ್ಲಿ. ಅದು ಸೀಗಡಿಯ ಪೇಸ್ಟ್. ಖಾರದ ಚಟ್ನಿಗೂ ಪಲ್ಯಕ್ಕೂ ಸದ್ದಿಲ್ಲದೆ ಸೇರಿರುತ್ತದೆ. "ತನ್ಪಾ ತೆರಾಸಿ, ತನ್ಪಾ ತೆಲೂರ್" ಎಂದರೆ ಸೀಗಡಿ ಪೇಸ್ಟ್ ಬೇಡ, ಮೊಟ್ಟೆ ಬೇಡ ಎಂದರ್ಥ. ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಮನೆಯ ಚಟ್ನಿಪುಡಿ, ಹುರಿದ ಅವಲಕ್ಕಿ ಪೆಟ್ಟಿಗೆಯಲ್ಲಿರಲಿ. ಗಸಗಸೆ ಮಾತ್ರ ಯಾವ ಪುಡಿಯಲ್ಲೂ ಬೇಡ. ಸಿಂಗಪುರದಲ್ಲೂ ಯುಎಇಯಲ್ಲೂ ಅದು ನಿಷಿದ್ಧ, ಆ ದಾರಿಯಲ್ಲಿ ವಿಮಾನ ಬದಲಿಸುವವರು ಸಿಕ್ಕಿಬೀಳಬಹುದು. ಬಿಪಿ, ಸಕ್ಕರೆ ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ಹಾಕದೆ ಪಟ್ಟಿಯಲ್ಲೇ, ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿಡಿ. ಪ್ರವಾಸ ವಿಮೆ ಮಾಡಿಸುವಾಗ ಈಗಾಗಲೇ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ.

ಕಾಗದಪತ್ರದ ಕೆಲಸವನ್ನು ಈಗಲೇ ಶುರು ಮಾಡಿ. ಪಾಸ್‌ಪೋರ್ಟ್‌ಗೆ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೊಸದಾಗಿ ಮಾಡಿಸುವುದಾದರೆ ಇನಿಶಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸಿ, ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ. ನಮ್ಮ ಕಡೆ ಒಂದೇ ಹೆಸರಿನ ಪಾಸ್‌ಪೋರ್ಟ್ ತುಂಬಾ ಇದೆ, ಕೆಲವು ದೇಶಗಳು ಅದನ್ನು ಒಪ್ಪುವುದಿಲ್ಲ. ಇಂಡೋನೇಷ್ಯಾದಲ್ಲಿ ಭಾರತೀಯರಿಗೆ ಇಳಿದ ಮೇಲೆಯೇ 30 ದಿನದ ವೀಸಾ ಕೊಡುತ್ತಾರೆ, ಶುಲ್ಕ 5 ಲಕ್ಷ ರುಪಿಯಾ. ಲಕ್ಷ ಎಂದು ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಒಳಗೆ. ಬಾಲಿಗೆ ಪ್ರತ್ಯೇಕವಾಗಿ 1.5 ಲಕ್ಷ ರುಪಿಯಾ ಪ್ರವಾಸಿ ತೆರಿಗೆಯಿದೆ. ಟಿಕೆಟ್ ತೆಗೆಯುವ ಮೊದಲು ಇವೆರಡನ್ನೂ ಸರ್ಕಾರಿ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಸಿ.

ಮಗನ ಮಾತಿಗೇ ಮನಸ್ಸು ಒಲಿದರೆ ಯುರೋಪಿನ ಒಂದೇ ದೇಶ ಹಿಡಿಯಿರಿ. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 30 ಸಾವಿರ ಯುರೋ ವೈದ್ಯಕೀಯ ವಿಮೆ ಕಡ್ಡಾಯ. ಕೃಷಿ ಆದಾಯ ಮಾತ್ರ ಇರುವವರಿಗೆ ಆದಾಯ ತೆರಿಗೆ ರಿಟರ್ನ್ ಇರುವುದಿಲ್ಲ, ಅಲ್ಲಿ ತೊಡಕಾಗುತ್ತದೆ. ಪಹಣಿ, ಕಾಫಿ ಮಾರಿದ ಬಿಲ್ಲು, ಕಾಫಿ ಮಂಡಳಿಯ ನೋಂದಣಿ, ಆರು ತಿಂಗಳ ಬ್ಯಾಂಕ್ ವಿವರ ಇಟ್ಟು, ಆದಾಯ ಎಲ್ಲಿಂದ ಬರುತ್ತದೆಂದು ಒಂದು ಪುಟದ ಪತ್ರ ಬರೆದು ಲಗತ್ತಿಸಿ. ಕುಯ್ಲಿಗೆ ವಾಪಸ್ ಬರಲೇಬೇಕು ಎಂದು ಅದರಲ್ಲಿ ಬರೆಯಿರಿ. ನೀವು ಮರಳಿ ಬರುವಿರೋ ಇಲ್ಲವೋ ಎಂಬುದೇ ಅಧಿಕಾರಿಯ ಮುಖ್ಯ ಅನುಮಾನ, ತೋಟಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ವಿಯೆಟ್ನಾಂ ಬಗ್ಗೆಯೂ ಕೇಳುವವರಿದ್ದಾರೆ. ಹೋಯಿ ಆನ್ ಬಳಿಯ ಮಿ ಸನ್‌ನಲ್ಲಿ ಚಂಪಾ ರಾಜರು ಕಟ್ಟಿದ ಇಟ್ಟಿಗೆಯ ಶಿವಾಲಯಗಳಿವೆ, ರೋಬಸ್ಟಾ ಬೆಳೆಯಲ್ಲಿ ಆ ದೇಶವೇ ಜಗತ್ತಿಗೆ ಮೊದಲು. ಆದರೆ ಆ ಕರಾವಳಿಗೆ ಸೆಪ್ಟೆಂಬರ್‌ನಿಂದ ಮಳೆ ಹಿಡಿಯುತ್ತದೆ, ಅವರ ಕಾಫಿ ಕುಯ್ಲು ನಿಮ್ಮ ಕುಯ್ಲಿನ ಸಮಯಕ್ಕೇ ಬರುತ್ತದೆ. ಈ ಸಲಕ್ಕೆ ಬಿಡಿ.

ಯಜಮಾನರಿಗೆ ಒಂದು ಮಾತು, ಇದು ಬಹಳ ಮುಖ್ಯ. ಕಿಂತಮಣಿಯಲ್ಲಿ ಒಳ್ಳೆಯ ಗಿಡ ಕಂಡಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಕೇಳಿ ಬೆಳೆದವರು ನಾವು. ದಯವಿಟ್ಟು ಬೇಡ. ಗಿಡದ ರೋಗ ಒಳಬರದಂತೆ ತಡೆಯುವ ಸಸ್ಯ ಕ್ವಾರಂಟೈನ್ ಇಲಾಖೆಯ ಪರವಾನಗಿ ಇಲ್ಲದೆ ಕಾಫಿಯ ಬೀಜ, ಕಡ್ಡಿ, ಗಿಡ ತರುವುದು ಅಪರಾಧ. ಅದಕ್ಕಿಂತ ದೊಡ್ಡದು ರೋಗದ ಭಯ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಆ ದ್ವೀಪದ ಕಾಫಿಯನ್ನೇ ಮುಗಿಸಿತು, ಅವರು ಚಹಾಕ್ಕೆ ತಿರುಗಬೇಕಾಯಿತು. ನಮ್ಮ ಎಷ್ಟೋ ತೋಟಗಳೂ ಆ ರೋಗಕ್ಕೆ ಬಲಿಯಾದವು. ತೋಟದಲ್ಲಿ ಓಡಾಡಿದ ಚಪ್ಪಲಿಯನ್ನು ಅಲ್ಲೇ ಉಜ್ಜಿ ತೊಳೆದು, ಮಣ್ಣು ಉಳಿಯದಂತೆ ಒಣಗಿಸಿ ತನ್ನಿ. ಹುರಿದ ಪುಡಿ ಬೇಕಾದಷ್ಟು ಕೊಂಡುಕೊಳ್ಳಿ.

ತೋಟದ ಚಿಂತೆಗೂ ಒಂದು ಏರ್ಪಾಡು ಮಾಡಿಕೊಳ್ಳಿ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಯೋಗ್ಯಕರ್ತದ್ದು ಒಂದೂವರೆ ಗಂಟೆ. ಬಾಲಿಯಲ್ಲಿ ಹತ್ತೂವರೆ, ಯೋಗ್ಯಕರ್ತದಲ್ಲಿ ಒಂಬತ್ತೂವರೆ ಆದಾಗ ಇಲ್ಲಿ ಬೆಳಗ್ಗೆ ಎಂಟು, ಆಳುಗಳು ಬಂದು ನಿಲ್ಲುವ ಹೊತ್ತು. ಮೇಸ್ತ್ರಿಯ ಜೊತೆ ದಿನಕ್ಕೆ ಆ ಒಂದೇ ಕರೆ ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಹತ್ತು ನಿಮಿಷ ಮಾತಾಡಿ ಯಜಮಾನರು ಫೋನನ್ನು ನಿಮ್ಮ ಕೈಗೆ ಕೊಡಲಿ, ನೀವು ಅದನ್ನು ಚೀಲದಲ್ಲಿಟ್ಟು ಜಿಪ್ ಎಳೆದುಬಿಡಿ.